ಖಾಲಿ ಜಾಗದ ಲೆಕ್ಕ

ಹಾಸನ
15 ಅಕ್ಟೋಬರ್ 2024, ಮಂಗಳವಾರ

ಉಕ್ಕಿನ ಪಾಠ ಶುರುವಾಯಿತೆಂದರೆ ಪ್ರತಿವರ್ಷ ಒಂದು ಪ್ರಶ್ನೆಗಾಗಿ ಕಾಯುತ್ತೇನೆ. ಕೆಲವು ವರ್ಷ ಅದು ಬರುವುದೇ ಇಲ್ಲ. ಇಂದು ಬಂತು. ಉಕ್ಕೆಂದರೆ ಇಂಗಾಲ ಬೆರೆತ ಕಬ್ಬಿಣ; ಆ ಕಬ್ಬಿಣದ ಪರಮಾಣುಗಳು ಘನದ ಮೂಲೆಗಳಲ್ಲೂ ನಟ್ಟನಡುವೆಯೂ ಕೂತರೆ ಬಿಸಿಸಿ, ಮೂಲೆಗಳಲ್ಲೂ ಪ್ರತಿ ಮುಖದ ನಡುವೆಯೂ ಕೂತರೆ ಎಫ್‌ಸಿಸಿ. ಸಕಲೇಶಪುರದಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಹುಡುಗಿ ಎದ್ದು ನಿಂತು ಕೇಳಿದಳು: “ಸರ್, ಬಿಸಿಸಿ ಕಬ್ಬಿಣದಲ್ಲಿ ನೂರಕ್ಕೆ 32 ಭಾಗ ಖಾಲಿ, ಎಫ್‌ಸಿಸಿಯಲ್ಲಿ 26 ಭಾಗ ಮಾತ್ರ. ಹಾಗಾದರೆ ಇಂಗಾಲ ಬಿಸಿಸಿಯಲ್ಲಿ ತಾನೇ ಹೆಚ್ಚು ಕರಗಬೇಕು?”

ಆಗುವುದು ತದ್ವಿರುದ್ಧ. ಕಬ್ಬಿಣ 912 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಎಫ್‌ಸಿಸಿ ಆಗುತ್ತದೆ, ಕಾಯುತ್ತಿರುವಾಗಲೇ ಒಂದಿಷ್ಟು ಕುಗ್ಗುತ್ತದೆ; ಹೀಗೆ ಒತ್ತೊತ್ತಾಗಿ ಕೂತ ಕಬ್ಬಿಣ ತೂಕದಲ್ಲಿ ಶೇ. 2.14ರವರೆಗೂ ಇಂಗಾಲವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸಡಿಲವಾಗಿರುವ ಬಿಸಿಸಿಯ ಮಿತಿ ಶೇ. 0.022. ಹೆಚ್ಚುಕಡಿಮೆ ನೂರು ಪಟ್ಟು ವ್ಯತ್ಯಾಸ.

ಮೊತ್ತವನ್ನು ಬಿಟ್ಟು ಒಂದೊಂದೇ ಸಂದಿಯನ್ನು ಅಳೆಯಿರಿ ಎಂದೆ. ಎಫ್‌ಸಿಸಿಯ ದೊಡ್ಡ ಸಂದಿಯಲ್ಲಿ ಪರಮಾಣು ತ್ರಿಜ್ಯದ 0.414 ಪಟ್ಟಿನ ಗೋಲಿ ಹಿಡಿಯುತ್ತದೆ. ಕಬ್ಬಿಣಕ್ಕೆ ಅದು ಸುಮಾರು 0.053 ನ್ಯಾನೋಮೀಟರ್. ಬಿಸಿಸಿಯ ಅತಿ ದೊಡ್ಡ ಸಂದಿ 0.291 ಪಟ್ಟು, ಅಂದರೆ 0.036. ಇಂಗಾಲದ ತ್ರಿಜ್ಯ 0.07ರ ಆಸುಪಾಸು. ಎರಡೂ ಕಡೆ ಇಕ್ಕಟ್ಟೇ, ಬಿಸಿಸಿಯಲ್ಲಿ ಉಸಿರುಗಟ್ಟುವಷ್ಟು. ಅವಳು ತಕ್ಷಣ, “ಬೆಳಗಿನ ನಮ್ಮ ಬಸ್ಸಿನ ಹಾಗೆ, ಎಲ್ಲರ ನಡುವೆಯೂ ಚೂರು ಚೂರು ಜಾಗ ಇರುತ್ತದೆ, ಕಾಲಿಡಲು ಮಾತ್ರ ಆಗುವುದಿಲ್ಲ” ಎಂದಳು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ವಿಚಿತ್ರವೆಂದರೆ ಬಿಸಿಸಿಯಲ್ಲಿ ಇಂಗಾಲ ಆ 0.291ರ ಸಂದಿಯನ್ನೂ ಬಿಟ್ಟು, 0.155ರ ಇನ್ನೂ ಚಿಕ್ಕ ಸಂದಿಯಲ್ಲಿ ಕೂರುತ್ತದೆ. ಅಲ್ಲಿ ತಳ್ಳಬೇಕಾದದ್ದು ಎರಡೇ ನೆರೆಯವರನ್ನು. ದೊಡ್ಡ ಸಂದಿಯಲ್ಲಾದರೆ ನಾಲ್ವರನ್ನು. ಇದು ಪರೀಕ್ಷೆಗೆ ಬರುವುದಿಲ್ಲ. ಆದರೂ ಕಾಲು ಗಂಟೆ ಇದರಲ್ಲೇ ಕಳೆದೆವು, ನನಗೇನೂ ಬೇಸರವಿಲ್ಲ.

ಪಾಠದ ಉಳಿದ ಭಾಗ ಇನ್ನೊಂದು ಬಗೆಯ ಖಾಲಿಯದು: ಪರಮಾಣು ಇರಲೇಬೇಕಾದ ಕಡೆ ಇಲ್ಲದಿರುವುದು, ಅಂದರೆ ವೇಕೆನ್ಸಿ. ತಾಮ್ರದಲ್ಲಿ ಒಂದು ಸ್ಥಾನ ತೆರವಾಗಲು ಸುಮಾರು 0.9 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಬೇಕು. ಸೂತ್ರಕ್ಕೆ ಹಾಕಿದರೆ 1000 ಡಿಗ್ರಿಯಲ್ಲಿ ಸುಮಾರು 3,650 ಸ್ಥಾನಗಳಿಗೆ ಒಂದು ತೆರವು. ಈ ಕೊಠಡಿಯ ಉಷ್ಣತೆಯಲ್ಲಿ 13 ಕೋಟಿ ಕೋಟಿ ಸ್ಥಾನಗಳಿಗೆ ಒಂದು. ಕ್ಯಾಲ್ಕುಲೇಟರ್ ಒತ್ತಿ ಉತ್ತರ ಬರೆದುಕೊಂಡವರೇ ಹೆಚ್ಚು. “ಇದನ್ನು ಎಣಿಸಿ ನೋಡಿದವರು ಯಾರು ಸರ್?” ಎಂದು ಒಬ್ಬ ತರಲೆ ಮಾಡಲೆಂದೇ ಕೇಳಿದ. ಪಾಪ, ಅದು ಒಳ್ಳೆಯ ಪ್ರಶ್ನೆಯೆಂದು ಅವನಿಗೆ ಗೊತ್ತಿರಲಿಲ್ಲ.

ನೋಡಿದವರು ಸಿಮನ್ಸ್ ಮತ್ತು ಬಲ್ಲುಫಿ ಎಂಬ ವಿಜ್ಞಾನಿಗಳು, 1960ರಲ್ಲಿ, ಅಲ್ಯೂಮಿನಿಯಂನಲ್ಲಿ. ಸರಳನ್ನು ಕಾಯಿಸುತ್ತಾ ಅದರ ಉದ್ದ ಎಷ್ಟು ಹಿಗ್ಗಿತೆಂದು ಅಳೆದರು. ಜೊತೆಯಲ್ಲೇ ಪರಮಾಣುಗಳ ನಡುವಿನ ಅಂತರ ಎಷ್ಟು ಹಿಗ್ಗಿತೆಂದು ಎಕ್ಸ್‌ರೇಯಿಂದ ಅಳೆದರು. ಎರಡೂ ಒಂದೇ ಆಗಿದ್ದರೆ ಹೊಸ ತೆರವಿಲ್ಲ. ಸರಳು ತುಸು ಹೆಚ್ಚು ಹಿಗ್ಗಿದ್ದರೆ, ಒಳಗೆ ಸ್ಥಾನಗಳು ತೆರವಾಗಿ ಅಲ್ಲಿನ ಪರಮಾಣುಗಳು ಮೇಲ್ಮೈಗೆ ಬಂದು ಸೇರಿವೆ ಎಂದರ್ಥ. ಕರಗುವ ಬಿಂದುವಿನ ಬಳಿ ಸಿಕ್ಕಿದ್ದು ಹತ್ತು ಸಾವಿರ ಸ್ಥಾನಗಳಿಗೆ ಸುಮಾರು ಒಂಬತ್ತು ತೆರವು. ಈ ಹಿಗ್ಗು ಮೂರು ದಿಕ್ಕಿಗೂ ಹಂಚಿಹೋಗುವುದರಿಂದ, ಒಂದು ಮೀಟರ್ ಸರಳಿಗೆ ಲೆಕ್ಕ ಹಾಕಿದರೆ ಹೆಚ್ಚುವರಿ ಉದ್ದ 0.3 ಮಿಲಿಮೀಟರ್. ಹಲಗೆಯ ಮೇಲೆ ಸೀಮೆಸುಣ್ಣದಿಂದ ಅಷ್ಟು ತೆಳ್ಳಗಿನ ಗೆರೆ ಎಳೆಯಲು ಹೋಗಿ ಸೋತೆ. ತರಲೆ ಹುಡುಗ ಮಾತ್ರ ಸುಮ್ಮನೆ ಕೂತು ಬರೆದುಕೊಂಡ.

ಸಂಜೆ ಕಟ್ಟಿನಕೆರೆ ಮಾರುಕಟ್ಟೆಯ ಕಡೆ ಹೋಗಿದ್ದೆ. ಹಾಸನಾಂಬೆಯ ಬಾಗಿಲು ತೆರೆಯುವ ದಿನ ಹತ್ತಿರ ಬಂತು, ಊರೆಲ್ಲ ಅದೇ ಮಾತು. ಪಾತ್ರೆ ಅಂಗಡಿಯಲ್ಲಿ ಕಂಚಿನ ಗಂಟೆಯೊಂದನ್ನು ಬಾರಿಸಿ ನೋಡಿದೆ. “ತಗೊಳ್ಳಿ ಮೇಷ್ಟ್ರೇ, ನಾದ ಕೇಳಿ” ಎಂದರು ಅಂಗಡಿಯವರು. ನಾದ ಚೆನ್ನಾಗಿತ್ತು, ಬೆಲೆ ಅಲ್ಲ. ಆದರೆ ನಾಳೆಯ ಲೆಕ್ಕ ಪುಕ್ಕಟೆಯಾಗಿ ಸಿಕ್ಕಿತು: ಗಂಟೆಯ ಕಂಚಿನಲ್ಲಿ ತೂಕದ ಪ್ರಕಾರ 78 ತಾಮ್ರ, 22 ತವರ ಎಂದಿಟ್ಟುಕೊಳ್ಳಿ. 78ನ್ನು 63.55ರಿಂದಲೂ 22ನ್ನು 118.71ರಿಂದಲೂ ಭಾಗಿಸಿದರೆ, ನೂರು ಪರಮಾಣುಗಳಲ್ಲಿ ತವರದ್ದು ಹದಿಮೂರು ಮಾತ್ರ. ಇದೇ ಲೆಕ್ಕವನ್ನು 70-30ರ ಹಿತ್ತಾಳೆಗೆ ಮಾಡಿದರೆ ಸತು 30ರಿಂದ 29.4ಕ್ಕೆ ಇಳಿಯುತ್ತದೆ, ಅಷ್ಟೇ. ಹಿತ್ತಾಳೆಯಲ್ಲಿ ಏಕೆ ಹೀಗೆ ಎಂದು ನಾಳೆ ಅವರನ್ನೇ ಕೇಳುತ್ತೇನೆ; ಪರಮಾಣು ತೂಕದ ಪಟ್ಟಿ ಗೋಡೆಯ ಮೇಲೆಯೇ ಇದೆ.