ಉತ್ಸವಕ್ಕೆ ಜೊತೆಯಾಗಿ ಹೋದವರು ದಿನವಿಡೀ ಜೊತೆಗೇ ಇರಬೇಕಾ?

ಸಿನಿಮಾ ಮತ್ತು ತಂತ್ರಜ್ಞಾನ ಎರಡೂ ಒಂದೇ ಕಡೆ ಇರುವ ಉತ್ಸವಕ್ಕೆ ಸ್ನೇಹಿತರೊಬ್ಬರ ಜೊತೆ ಹೊರಟವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದೇ. ನನ್ನ ಉತ್ತರ ಸ್ಪಷ್ಟ: ದಿನಕ್ಕೆ ಒಂದು ಸಿನಿಮಾ ಅಕ್ಕಪಕ್ಕ ಕೂತು ನೋಡಿ, ಮಿಕ್ಕ ಹೊತ್ತು ಬೇರೆ ಬೇರೆ ದಾರಿ ಹಿಡಿಯಿರಿ.

ಕಾರಣ ಇಂಥ ಉತ್ಸವಗಳ ರಚನೆಯಲ್ಲೇ ಇದೆ. ಅಮೆರಿಕದ ಆಸ್ಟಿನ್‌ನಲ್ಲಿ 1987ರಲ್ಲಿ ಸಂಗೀತೋತ್ಸವವಾಗಿ ಶುರುವಾದ ಸೌತ್ ಬೈ ಸೌತ್‌ವೆಸ್ಟ್, 1994ರಲ್ಲಿ ಸಿನಿಮಾ ಮತ್ತು ಮಲ್ಟಿಮೀಡಿಯಾವನ್ನೂ ಸೇರಿಸಿಕೊಂಡಿತು. ವೆನಿಸ್ ಚಿತ್ರೋತ್ಸವದಲ್ಲಿ 2017ರಿಂದ ವರ್ಚುವಲ್ ರಿಯಾಲಿಟಿ (ವಿಆರ್) ಕೃತಿಗಳಿಗೆ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ದೃಶ್ಯದೊಳಗೇ ಇದ್ದಂತೆ ನೋಡುವಂಥವಕ್ಕೆ, ಪ್ರತ್ಯೇಕ ಸ್ಪರ್ಧೆ ಇದೆ, ಫ್ರಾನ್ಸ್‌ನ ಕಾನ್ ಚಿತ್ರೋತ್ಸವ ಕೂಡ 2024ರಲ್ಲಿ ಅಂಥದ್ದೊಂದನ್ನು ಆರಂಭಿಸಿತು. ಹೀಗೆ ಒಂದೇ ಆವರಣದಲ್ಲಿ ಎರಡು ಬಗೆಯ ಗಡಿಯಾರ ಓಡುತ್ತಿರುತ್ತವೆ. ಸಿನಿಮಾ ನಿಮ್ಮಿಂದ ಎರಡು ಗಂಟೆ ಒಟ್ಟಿಗೆ ಕೇಳುತ್ತದೆ. ವಿಆರ್ ಕೃತಿಗಳು, ಡೆಮೊಗಳು ಹತ್ತಿಪ್ಪತ್ತು ನಿಮಿಷದ ಸ್ಲಾಟ್‌ಗಳಲ್ಲಿ ನಡೆಯುತ್ತವೆ, ಅದೂ ಸಾಮಾನ್ಯವಾಗಿ ಒಬ್ಬೊಬ್ಬರಿಗೆ. 2017ರಲ್ಲಿ ಕಾನ್‌ನಲ್ಲಿ ತೋರಿಸಿದ, ಮೆಕ್ಸಿಕೋದ ಚಿತ್ರ ನಿರ್ದೇಶಕ ಇನ್ಯಾರಿಟು ಅವರ ವಿಆರ್ ಕೃತಿ ಸುಮಾರು ಆರೂವರೆ ನಿಮಿಷದ್ದು. ಒಮ್ಮೆಗೆ ಒಬ್ಬರೇ ಒಳಗೆ ಹೋಗಿ ಮರಳಿನ ಮೇಲೆ ಬರಿಗಾಲಲ್ಲಿ ನಡೆಯಬೇಕಿತ್ತು. ಇಂಥ ಕಡೆ ಜೊತೆಗೆ ಹೋದರೆ ಒಬ್ಬರು ನೋಡುವಾಗ ಇನ್ನೊಬ್ಬರು ಹೊರಗೆ ಕಾಯಬೇಕು, ಆಮೇಲೆ ಅದೇ ಕಾಯುವಿಕೆ ತಿರುವುಮುರುವು. ಇಬ್ಬರ ಸಮಯವೂ ಹಾಳು.

ಬೇರೆಯಾಗಿ ಓಡಾಡುವುದೆಂದರೂ ಪಾಸ್ ಮಾತ್ರ ಒಂದೇ ದರ್ಜೆಯದ್ದು ಇರಲಿ. ಒಬ್ಬರ ಬಳಿ ಮೊದಲು ಒಳಬಿಡುವ ಪಾಸ್, ಇನ್ನೊಬ್ಬರ ಬಳಿ ಸಾಮಾನ್ಯ ಪಾಸ್ ಇದ್ದರೆ ಜೊತೆಯಾಗಿ ನೋಡಬೇಕೆಂದುಕೊಂಡ ಆ ಒಂದು ಸಿನಿಮಾವೇ ಕೈತಪ್ಪುತ್ತದೆ. ಕ್ಯೂ ಬೇರೆ, ಒಳಬಿಡುವ ಹೊತ್ತು ಬೇರೆ. ಸೀಟ್ ನಂಬರ್ ಇಲ್ಲದ ಹಾಲ್‌ನಲ್ಲಿ ಬ್ಯಾಗ್ ಇಟ್ಟು ಜಾಗ ಹಿಡಿಯಲು ವಾಲಂಟಿಯರ್‌ಗಳು ಬಿಡುವುದಿಲ್ಲ, ಬಿಡಲೂಬಾರದು.

ವೇಳಾಪಟ್ಟಿ ಹಾಕುವಾಗ ಬಹುತೇಕರು ಎಡವುವುದು ಒಂದೇ ಕಡೆ. ಕ್ಯಾಟಲಾಗ್‌ನಲ್ಲಿ ಬರೆದಿರುವುದು ಸಿನಿಮಾದ ಅವಧಿ ಮಾತ್ರ. 110 ನಿಮಿಷದ ಚಿತ್ರಕ್ಕೆ ಮೊದಲು ಐದು ನಿಮಿಷ ಪರಿಚಯ, ಕೊನೆಗೆ ಇಪ್ಪತ್ತು ನಿಮಿಷ ನಿರ್ದೇಶಕರ ಜೊತೆ ಪ್ರಶ್ನೋತ್ತರ ಸೇರಿಸಿದರೆ ಅದು 135 ನಿಮಿಷ. ಮುಂದಿನ ಹಾಲ್‌ಗೆ ನಡೆಯಲು ಹದಿನೈದು, ಕ್ಯೂನಲ್ಲಿ ಮೂವತ್ತು. ಅಲ್ಲಿಗೆ ಮೂರು ಗಂಟೆ. ಅಂದರೆ 10ಕ್ಕೆ ಶುರುವಾಗುವ ಚಿತ್ರದ ನಂತರದ್ದು 1ಕ್ಕಿಂತ ಮೊದಲು ಇರಬಾರದು. ಈ ಲೆಕ್ಕದಲ್ಲಿ ದಿನಕ್ಕೆ ಮೂರು ಸಿನಿಮಾ ಹಿತ, ನಾಲ್ಕನೆಯದಕ್ಕೆ ಕಣ್ಣು ತೆರೆದಿರುತ್ತದೆಯೇ ಹೊರತು ಮನಸ್ಸು ಇರುವುದಿಲ್ಲ. ತಂತ್ರಜ್ಞಾನದ ಕಡೆಯೂ ನೋಡಬೇಕೆನ್ನುವವರು ಎರಡಕ್ಕೇ ನಿಲ್ಲಿಸಿ. ಪ್ರಶ್ನೋತ್ತರ ಬಿಟ್ಟು ಓಡಿ ಸಮಯ ಉಳಿಸುವುದು ನನಗೆ ಸರಿಕಾಣುವುದಿಲ್ಲ. ಆ ಸಿನಿಮಾ ಮುಂದೆ ಎಲ್ಲಾದರೂ ನೋಡಲು ಸಿಕ್ಕೀತು, ಅದನ್ನು ಮಾಡಿದವರು ಎದುರಿಗೆ ನಿಂತು ಉತ್ತರ ಕೊಡುವುದು ಸಿಗಲಾರದು. ನೀವೂ ಕೇಳುವುದಿದ್ದರೆ ಒಂದೇ ಪ್ರಶ್ನೆ, ಅರ್ಧ ನಿಮಿಷದೊಳಗೆ. 'ಆ ರಾತ್ರಿ ದೃಶ್ಯಕ್ಕೆ ಬೆಳಕು ಎಲ್ಲಿಂದ ತಂದಿರಿ' ಎಂದು ಕೇಳಿದರೆ ಹೊಸದೇನಾದರೂ ತಿಳಿಯುತ್ತದೆ. 'ನಿಮ್ಮ ಸಂದೇಶವೇನು' ಎಂದರೆ ಏನೂ ತಿಳಿಯುವುದಿಲ್ಲ.

ವಿಆರ್ ವಿಭಾಗದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಲ್ಲಿ ಬೇಸರಪಟ್ಟು ಹೊರಬರುವ ಅನೇಕರಿಗೆ ತೊಂದರೆಯಾಗಿದ್ದು ಕೃತಿಯಿಂದಲ್ಲ, ಹೆಡ್‌ಸೆಟ್ ಸರಿಯಾಗಿ ಕೂರದಿದ್ದುದರಿಂದ. ಸ್ಲಾಟ್ ಬೆಳಿಗ್ಗೆಯದ್ದೇ ತೆಗೆದುಕೊಳ್ಳಿ. ಒಬ್ಬೊಬ್ಬರದೂ ಎರಡೆರಡು ನಿಮಿಷ ಜಾರುತ್ತಾ ಮಧ್ಯಾಹ್ನದ ಹೊತ್ತಿಗೆ ಅರ್ಧ ಗಂಟೆ ತಡವಾಗಿರುತ್ತದೆ. ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ ವಯಸ್ಕರಲ್ಲಿ ಸರಾಸರಿ 63 ಮಿಲಿಮೀಟರ್‌ನಷ್ಟು. ಕನ್ನಡಕದ ಅಂಗಡಿಯಲ್ಲಿ ನಿಮ್ಮದನ್ನು ಅಳೆಸಿ ಬರೆದಿಟ್ಟುಕೊಂಡು ಹೋಗಿ, ಅಲ್ಲಿನ ಸಹಾಯಕರಿಗೆ ಹೇಳಿ ಲೆನ್ಸ್ ಸರಿಸಿಕೊಳ್ಳಿ. ಅದು ತಪ್ಪಿದ್ದರೆ ಚಿತ್ರ ಮಸುಕಾಗುತ್ತದೆ, ಹತ್ತೇ ನಿಮಿಷಕ್ಕೆ ಹಣೆ ನೋಯುತ್ತದೆ. ಹಿಂದಿನ ಪಟ್ಟಿ ತಲೆಯ ಹಿಂಭಾಗದ ಉಬ್ಬಿನ ಕೆಳಗೆ ಕೂರಬೇಕು. ಮೇಲೆ ಕೂತರೆ ಹೆಡ್‌ಸೆಟ್‌ನ ಇಡೀ ಭಾರ ಕೆನ್ನೆಗೆ ಬೀಳುತ್ತದೆ. ಕನ್ನಡಕ ಹಾಕುವವರು ಮೊದಲೇ ತಿಳಿಸಿ, ಅಂತರ ಕೊಡುವ ಚೌಕಟ್ಟಿದ್ದರೆ ಹಾಕಿಕೊಡುತ್ತಾರೆ. ಅದಿಲ್ಲದಿದ್ದರೆ ಗಾಜಿಗೆ ಗಾಜು ಉಜ್ಜಿ ಎರಡಕ್ಕೂ ಗೀರು ಬೀಳುತ್ತದೆ. ಹಾಕಿದ ಕೂಡಲೇ ಲೆನ್ಸ್ ಮಂಜಾದರೆ ಗಾಬರಿ ಬೇಡ. ಮುಖದ ಬಿಸಿಗೆ ಹಾಗಾಗುತ್ತದೆ, ಒಂದು ನಿಮಿಷದಲ್ಲಿ ಸರಿಹೋಗುತ್ತದೆ.

ತಲೆಸುತ್ತು ಬರುವುದು ಕಣ್ಣು 'ಚಲಿಸುತ್ತಿದ್ದೇನೆ' ಎಂದಾಗ ಒಳಕಿವಿ 'ಇಲ್ಲ' ಎನ್ನುವುದರಿಂದ. ಆದ್ದರಿಂದ ಹೊಸಬರು ಮೊದಲು ನಿಂತಲ್ಲೇ ನೋಡುವ ಅಥವಾ ತಮ್ಮದೇ ಕಾಲಲ್ಲಿ ನಡೆಯುವ ಕೃತಿ ಆರಿಸಿ. ಕುರ್ಚಿಯಲ್ಲಿ ಕೂತು ಹಾರಾಡುವಂಥದ್ದು ಆಮೇಲೆ. ಹೊಟ್ಟೆ ತೊಳಸಿದ ಹಾಗಾದ ತಕ್ಷಣ ಕಣ್ಣು ಮುಚ್ಚಿ, ಕೈ ಎತ್ತಿ, ಹೆಡ್‌ಸೆಟ್ ತೆಗೆಸಿ. ಸಹಿಸಿಕೊಂಡು ಮುಗಿಸಲು ಹೋದರೆ ಆ ಸುಸ್ತು ಗಂಟೆಗಟ್ಟಲೆ ಬಿಡುವುದಿಲ್ಲ. ವಿಆರ್ ನೋಡಿದ ಮೇಲೆ ಅರ್ಧ ಗಂಟೆಯಾದರೂ ಬಯಲಲ್ಲಿ ಓಡಾಡಿ ಆಮೇಲೆ ಸಿನಿಮಾ ಹಾಲ್‌ಗೆ ಹೋಗಿ.

ಉಪನ್ಯಾಸಗಳ ವಿಚಾರ ಚಿಕ್ಕದು. ದೊಡ್ಡ ವೇದಿಕೆಯ ಭಾಷಣಗಳನ್ನು ಹಲವು ಉತ್ಸವಗಳು ಆಮೇಲೆ ಅಂತರ್ಜಾಲಕ್ಕೆ ಹಾಕುತ್ತವೆ. ಮೂವತ್ತು ನಲವತ್ತು ಜನರ ಕಾರ್ಯಾಗಾರವನ್ನು ಯಾರೂ ಹಾಕುವುದಿಲ್ಲ, ಅದಕ್ಕೇ ಹೋಗಿ.

ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಇದನ್ನು ಖಚಿತವೆಂದೇ ತಿಳಿದು ಹೊರಡಿ. ಟಿಕೆಟ್‌ನ ಕ್ಯೂಆರ್ ಕೋಡ್ ಸ್ಕ್ರೀನ್‌ಶಾಟ್ ಇಬ್ಬರ ಫೋನಿನಲ್ಲೂ ಇರಲಿ. ಹತ್ತು ಸಾವಿರ ಎಂಎಎಚ್ ಪವರ್ ಬ್ಯಾಂಕ್ ಒಬ್ಬರಿಗೆ ಒಂದು ದಿನಕ್ಕೆ ಸಾಕು. ವಿಮಾನದಲ್ಲಿ ಹೋಗುವವರು ಅದನ್ನು ಕೈಚೀಲದಲ್ಲೇ ಇಡಬೇಕು. ಭೇಟಿಯಾಗುವ ಜಾಗವನ್ನು ಬೆಳಿಗ್ಗೆಯೇ ಗೊತ್ತುಮಾಡಿ: 'ಗೇಟ್ ಹತ್ತಿರ' ಎಂದಲ್ಲ, ಯಾವ ಗೇಟು, ಯಾವ ಕಂಬ ಎಂದು. ಜೊತೆಗೆ ಒಂದು ಕರಾರೂ ಬೇಕು. ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೀರಿದರೆ ಬಂದವರು ಒಳಗೆ ಹೋಗಿಬಿಡುವುದು, ಅದಕ್ಕೆ ಮುನಿಸು ಕೂಡದು. ಟಿಕೆಟ್ ಇದ್ದರೂ ಪ್ರದರ್ಶನಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಒಳಗಿಲ್ಲದವರ ಸೀಟನ್ನು ಅನೇಕ ಉತ್ಸವಗಳು ಸ್ಟ್ಯಾಂಡ್‌ಬೈ ಕ್ಯೂನವರಿಗೆ, ಅಂದರೆ ಖಾಲಿ ಸೀಟಿಗಾಗಿ ಹೊರಗೆ ಕಾಯುತ್ತಿರುವವರಿಗೆ, ಕೊಡುತ್ತವೆ. ಒಬ್ಬರಿಗಾಗಿ ಕಾದರೆ ಇಬ್ಬರದೂ ಹೋಗುತ್ತದೆ.

ಒಳಗೆ ಎಲ್ಲಿ ಕೂರಬೇಕು? ತೆರೆಯಿಂದ ಹಿಂದಕ್ಕೆ ಮೂರರಲ್ಲಿ ಎರಡು ಪಾಲು ದೂರ, ಮಧ್ಯದಲ್ಲಿ. ಶಬ್ದ ಅಲ್ಲಿ ಸಮವಾಗಿ ಕೇಳುತ್ತದೆ. ತಾತ್ಕಾಲಿಕವಾಗಿ ಕುರ್ಚಿ ಹಾಕಿದ ಸಮತಟ್ಟಾದ ಹಾಲ್ ಆಗಿದ್ದರೆ ಈ ಮಾತು ನಡೆಯುವುದಿಲ್ಲ. ಮುಂದಿನವರ ತಲೆ ಸಬ್‌ಟೈಟಲ್ ಮುಚ್ಚುತ್ತದೆ, ಅಲ್ಲಿ ಓಡಾಡುವ ದಾರಿಯ ಪಕ್ಕದ ಸೀಟು ಹಿಡಿಯಿರಿ.

ಬೇರೆ ಬೇರೆ ಓಡಾಡಿದ್ದರ ಫಲ ಸಿಗುವುದು ರಾತ್ರಿ. ಪ್ರತಿ ಪ್ರದರ್ಶನ ಮುಗಿದ ಕೂಡಲೇ ಮೂರು ಸಾಲು ಬರೆದಿಟ್ಟುಕೊಳ್ಳಿ: ಏನು ನೋಡಿದೆ, ಹೇಗೆ ಮಾಡಿದ್ದಾರೆ, ಸ್ನೇಹಿತರು ಇದನ್ನು ನೋಡಲೇಬೇಕೇ. ಮೂರನೆಯ ಸಾಲೇ ಮುಖ್ಯ. ಬರೆಯದೆ ಬಿಟ್ಟರೆ ಸಂಜೆಯ ಹೊತ್ತಿಗೆ ಒಂದು ಚಿತ್ರದ ದೃಶ್ಯ ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ರಾತ್ರಿ ಕೂತು ಈ ಚೀಟಿಗಳನ್ನು ಅದಲುಬದಲು ಮಾಡಿಕೊಂಡು ಮರುದಿನದ ಯೋಜನೆಯನ್ನು ಅದರ ಮೇಲೇ ತಿದ್ದಿ. ಇಬ್ಬರೂ ನೋಡಿದ ಆ ಒಂದು ಸಿನಿಮಾದ ಬಗ್ಗೆ ಅಭಿಪ್ರಾಯ ಬೇರೆಯಾದರೆ ರಾಜಿಗೆ ಬರಬೇಕಾಗಿಲ್ಲ. ಯಾವ ದೃಶ್ಯದಲ್ಲಿ ಬೇರೆಯಾಯಿತು ಎಂದು ಹುಡುಕಿ ನೋಡಿ, ಮಾತು ಅಲ್ಲಿಂದಲೇ ಬೆಳೆಯುತ್ತದೆ.

ಕೊನೆಯ ದಿನದ ಮಟ್ಟಿಗೆ ಏನನ್ನೂ ಮೊದಲೇ ಕಾದಿರಿಸಬೇಡಿ. ಬಹುಮಾನ ಬಂದ ಚಿತ್ರಗಳನ್ನು ಹಲವು ಕಡೆ ಅಂದು ಮತ್ತೊಮ್ಮೆ ತೋರಿಸುತ್ತಾರೆ, ವಿಆರ್ ವಿಭಾಗದಲ್ಲೂ ಖಾಲಿ ಸ್ಲಾಟ್ ಸಿಗುವ ಸಾಧ್ಯತೆ ಹೆಚ್ಚು. ನಿಮ್ಮ ಸ್ನೇಹಿತರು ಮೂರನೆಯ ಸಾಲಿನಲ್ಲಿ 'ನೋಡಲೇಬೇಕು' ಎಂದು ಬರೆದದ್ದನ್ನು ನೀವು, ನೀವು ಬರೆದದ್ದನ್ನು ಅವರು ಅಂದು ನೋಡಿ.