ಎರಡು ಇಂಚಿನ ಮಳೆ ಯಾವ ಚೌಕದಲ್ಲಿ ಬಿತ್ತು?

ಅಪ್ಪಯ್ಯ ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆದಿಡುತ್ತಾರೆ. ಮಿಲಿಮೀಟರಿನಲ್ಲಲ್ಲ, ಇಂಚು, ಸೆಂಟ್‌ಗಳಲ್ಲಿ; ನೂರು ಸೆಂಟ್ ಸೇರಿದರೆ ಒಂದು ಇಂಚು. ‘ಎರಡು ಇಂಚು ಹತ್ತು ಸೆಂಟ್’ ಅಂದರೆ ತೀರ್ಥಹಳ್ಳಿ ಕಡೆ ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ದಿನಗಳಲ್ಲಂತೂ ಇಡೀ ಮನೆಯ ಕೆಲಸ ಆ ಅಂಕಿಯ ಮೇಲೇ ನಿಂತಿರುತ್ತದೆ. ಮೈಲುತುತ್ತ, ಸುಣ್ಣ ಬೆರೆಸಿದ ಆ ಬೋರ್ಡೋ ದ್ರಾವಣ ಒಣಗುವ ಮೊದಲೇ ಜೋರು ಮಳೆ ಹೊಡೆದರೆ ಕೂಲಿಯೂ ಹೋಯಿತು, ಮೈಲುತುತ್ತವೂ ಹೋಯಿತು.

ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಹವಾಮಾನ ಮಾದರಿಗಳು ಕೊಡುವ ಮಳೆಯನ್ನು ನಿಜವಾಗಿ ಬಿದ್ದ ಮಳೆಯೊಂದಿಗೆ ತಾಳೆ ನೋಡುವುದು ನನ್ನ ಕೆಲಸ. ಹೋದ ಆಷಾಢದಲ್ಲಿ ಊರಿಗೆ ಹೋದಾಗ ಒಂದು ಜಾಗತಿಕ ಮಾದರಿಯ ನಕ್ಷೆಯನ್ನು ಅಪ್ಪಯ್ಯನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ನೋಡಿ, “ಇದೇನು ಮಾರಾಯ್ತಿ, ನಮಗೂ ಶಿವಮೊಗ್ಗಕ್ಕೂ ಒಂದೇ ಬಣ್ಣ ಬಳಿದಿದ್ದಾರೆ!” ಅಂದರು.

ಅವರು ಹೇಳಿದ್ದು ಸರಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಸುರಿಯುತ್ತದೆ. ಅಲ್ಲಿಂದ ಸುಮಾರು ಇನ್ನೂರು ಕಿಲೋಮೀಟರು ದೂರದ ಚಳ್ಳಕೆರೆಗೆ ಸಿಗುವುದು 500 ಮಿ.ಮೀ. ಆಸುಪಾಸು. ಮಾದರಿಗಳು ನೆಲವನ್ನು ಚೌಕಗಳಾಗಿ ಹಂಚಿ, ಒಂದು ಚೌಕಕ್ಕೆಲ್ಲ ಒಂದೇ ಮಳೆಯ ಅಂಕಿ ಕೊಡುತ್ತವೆ. ಎಷ್ಟೋ ಜಾಗತಿಕ ಮಾದರಿಗಳ ಒಂದೊಂದು ಚೌಕವೇ ನೂರು ಕಿಲೋಮೀಟರು ಅಗಲ. ಅಂಥ ಚೌಕದೊಳಗೆ ಘಟ್ಟದ ಕಡಿದಾದ ಗೋಡೆ ಸವೆದು ಇಳಿಜಾರಿನ ದಿಬ್ಬವಾಗಿಬಿಡುತ್ತದೆ. ಗಾಳಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಸೊಮಾಲಿಯಾ ಕರಾವಳಿಯಿಂದ ತಿರುಗಿ ಅರಬ್ಬಿ ಸಮುದ್ರ ದಾಟಿ ಬರುವ ಮುಂಗಾರಿನ ಗಾಳಿಯ ಹರಿವು ನೂರಾರು ಕಿಲೋಮೀಟರುಗಳವರೆಗೂ ನಯವಾಗಿ ಬದಲಾಗುವಂಥದ್ದು. ದೊಡ್ಡ ಚೌಕಗಳಲ್ಲೂ ಅದರ ಚಿತ್ರ ಒಂದು ಮಟ್ಟಿಗೆ ಮೂಡುತ್ತದೆ. ಮಳೆ ಹಾಗಲ್ಲ. ನಮ್ಮಲ್ಲಿ ಧೋ ಎಂದು ಸುರಿಯುವಾಗ ಗುಡ್ಡದಾಚೆಯ ಅತ್ತೆಯ ಮನೆಯಲ್ಲಿ ಹೊಳವಾಗಿರುತ್ತದೆ.

ಹಾಗಾದರೆ ಮಾದರಿ ಎಷ್ಟು ತಪ್ಪಿದೆ ಎಂದು ಅಳೆಯುವುದು ಹೇಗೆ? ಅವತ್ತು ರಾತ್ರಿ ಅದೇ ಡೈರಿಯ ಹಿಂಬದಿಯಲ್ಲಿ ಅಪ್ಪಯ್ಯನಿಗೆ ಒಂದು ಲೆಕ್ಕ ಬರೆದು ತೋರಿಸಿದೆ. ಘಟ್ಟದ ತುದಿಯಿಂದ ಬಯಲಿನ ಕಡೆಗೆ ಸಾಲಾಗಿ ಐದು ಚೌಕ. ಒಂದು ದಿನದ ಮಳೆ 100, 60, 20, 10, 10 ಮಿ.ಮೀ. ಎಂದಿಟ್ಟುಕೊಳ್ಳೋಣ. ಸರಾಸರಿ 40. ಒಂದನೆಯ ಮಾದರಿ ಐದು ಚೌಕಕ್ಕೂ 40 ಹಂಚುತ್ತದೆ. ಸರಾಸರಿಯಲ್ಲಿ ಒಂದಿಷ್ಟೂ ತಪ್ಪಿಲ್ಲ! ಎರಡನೆಯದು ಮಳೆಯ ಪಟ್ಟೆಯನ್ನು ಸರಿಯಾಗಿ ಕಟ್ಟಿ, ಒಂದು ಚೌಕ ಪೂರ್ವಕ್ಕೆ ಸರಿಸಿಬಿಡುತ್ತದೆ: 10, 100, 60, 20, 10. ಇದರ ಸರಾಸರಿಯೂ 40.

ಈಗ ಪ್ರತಿ ಚೌಕದ ತಪ್ಪನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ನೋಡಿದರೆ ಮೊದಲನೆಯದಕ್ಕೆ ಸುಮಾರು 35, ಎರಡನೆಯದಕ್ಕೆ 48. ಘಟ್ಟವನ್ನೇ ಅಳಿಸಿಹಾಕಿದ ಮಾದರಿ ಗೆದ್ದಿತು! ಪಟ್ಟೆ ಸರಿದ ಮಾದರಿಗೆ ಎರಡೆರಡು ದಂಡ: ಮಳೆ ಬಿದ್ದಲ್ಲಿ ತೋರಿಸಲಿಲ್ಲವೆಂದು ಒಂದು, ಬೀಳದಲ್ಲಿ ತೋರಿಸಿತೆಂದು ಇನ್ನೊಂದು. ಈ ಒಂದೇ ಅಂಕಿಯನ್ನು ನಂಬಿಕೊಂಡು ಮಾದರಿಗಳಿಗೆ ರ‍್ಯಾಂಕ್ ಕೊಡುವುದನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ. ಹಲವು ಮಾದರಿಗಳ ಸರಾಸರಿ ತೆಗೆದಾಗಲೂ ಇದೇ ಅಪಾಯ. ಒಂದೊಂದರಲ್ಲಿ ಒಂದೊಂದು ಕಡೆ ಇರುವ ಏರಿಳಿತ ಬೆರೆತು ನಯವಾಗುತ್ತದೆ, ತಪ್ಪು ಕಡಿಮೆಯಾದಂತೆ ಕಾಣುತ್ತದೆ.

ಅದಕ್ಕೇ ಮಾನಕ ವಿಚಲನೆಯನ್ನೂ ಜೊತೆಗೇ ನೋಡಬೇಕು. ಜಾಗದಿಂದ ಜಾಗಕ್ಕೆ ಮಳೆ ಎಷ್ಟು ಏರಿಳಿಯುತ್ತದೆ ಎಂಬುದರ ಅಳತೆ ಅದು. ನಿಜವಾದ ಮಳೆಯಲ್ಲಿ ಅದು 35. ಸರಿದ ಮಾದರಿಯಲ್ಲೂ 35. ಸಮತಟ್ಟು ಮಾದರಿಯಲ್ಲಿ ಸೊನ್ನೆ. ಮಾದರಿಯ ಏರಿಳಿತ ನಿಜದ ಏರಿಳಿತದೊಂದಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ ಸಹಸಂಬಂಧ (ಪೂರ್ತಿ ಹೊಂದಿದರೆ 1) ನೋಡಿದರೆ ಸರಿದದ್ದಕ್ಕೆ 0.08 ಮಾತ್ರ, ಸಮತಟ್ಟಿನದಕ್ಕೆ ಲೆಕ್ಕ ಹಾಕಲಿಕ್ಕೇ ಬರುವುದಿಲ್ಲ. ಹವಾಮಾನ ವಿಜ್ಞಾನಿ ಕಾರ್ಲ್ ಟೇಲರ್ 2001ರಲ್ಲಿ ಪ್ರಕಟಿಸಿದ ರೇಖಾಚಿತ್ರದಲ್ಲಿ ಮಾನಕ ವಿಚಲನೆ, ಸಹಸಂಬಂಧ, ಸರಾಸರಿಯನ್ನು ಕಳೆದು ಉಳಿಯುವ ತಪ್ಪು, ಮೂರೂ ಒಂದೇ ಚುಕ್ಕಿಯಲ್ಲಿ ಕೂರುತ್ತವೆ. ಹೈಸ್ಕೂಲಿನ ತ್ರಿಕೋನಮಿತಿಯ ಕೊಸೈನ್ ನಿಯಮವೇ ಅದರ ತಳಹದಿ. ಮೊದಲ ಸಲ ಅದನ್ನು ಕೈಯಲ್ಲಿ ಬಿಡಿಸಿ ನೋಡಿದ ದಿನದ ಖುಷಿ ನನಗಿನ್ನೂ ನೆನಪಿದೆ.

ಅಪ್ಪಯ್ಯ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, “ನನಗೆ ಬೇಕಾದದ್ದು ಎರಡು ಇಂಚು ದಾಟುತ್ತೋ ಇಲ್ಲವೋ ಅಂತ. ಆಚೀಚೆ ಒಂದು ಹೋಬಳಿ ತಪ್ಪಿದರೂ ತೊಂದರೆಯಿಲ್ಲ, ನಾನು ಹುಷಾರಾಗಿರ್ತೇನೆ” ಅಂದರು.

ನೆರೆಹೊರೆಯ ಚೌಕಗಳನ್ನೂ ಸೇರಿಸಿ ಅಂಕ ಕೊಡುವ ಒಂದು ವಿಧಾನ ಈಚೆಗೆ ಬಳಕೆಯಲ್ಲಿದೆ. ಎರಡು ಇಂಚು ಅಂದರೆ ಸುಮಾರು 50 ಮಿ.ಮೀ. ಅದನ್ನೇ ಗೆರೆಯಾಗಿಟ್ಟು, ಗೆರೆ ದಾಟಿದ ಚೌಕಗಳನ್ನಷ್ಟೇ ಎಣಿಸಿದೆವು. ನಿಜದಲ್ಲಿ ಮೊದಲ ಎರಡು. ಸರಿದ ಮಾದರಿಯಲ್ಲಿ ಎರಡನೆಯದು, ಮೂರನೆಯದು. ಸಮತಟ್ಟಿನದರಲ್ಲಿ ಒಂದೂ ಇಲ್ಲ. ಪೂರ್ತಿ ಹೊಂದಿದರೆ ಅಂಕ 1. ನೆರೆಹೊರೆಯ ಚೌಕಗಳನ್ನು ಸೇರಿಸುವ ಮೊದಲೇ ಸರಿದದ್ದಕ್ಕೆ 0.5, ಸಮತಟ್ಟಿನದಕ್ಕೆ ಸೊನ್ನೆ.

ಅಪ್ಪಯ್ಯ ಆ ಸೊನ್ನೆಯ ಸುತ್ತ ಪೆನ್ಸಿಲಿನಲ್ಲಿ ಒಂದು ಗುಂಡು ಬರೆದರು. ಮರುದಿನ ಬೆಳಿಗ್ಗೆ ಎಂಟೂವರೆಗೆ ಅದೇ ಹಾಳೆಯ ಮುಂಬದಿಯಲ್ಲಿ, ಒಂದು ಇಂಚು ಅರವತ್ತು ಸೆಂಟ್.