‘ನಿಮ್ಮೂರಿಗೆ ಏನಾದ್ರೂ ಮಾಡಬೇಕು, ಏನು ಮಾಡಲಿ?’ ಎಂದು ಕೇಳುವವರಿಗೆ

"ಅಣ್ಣಾ, ನಿಮ್ಮೂರಿಗೆ ಏನಾದ್ರೂ ಮಾಡಬೇಕು ಅಂತಿದೀವಿ. ಏನು ಮಾಡಬಹುದು?"

ಈ ಪ್ರಶ್ನೆ ಹೆಚ್ಚಾಗಿ ಗುರುವಾರ ಬರುತ್ತದೆ. ಅಷ್ಟೊತ್ತಿಗೆ ಶನಿವಾರಕ್ಕೆ ಹೋಂಸ್ಟೇ ಬುಕ್ ಆಗಿರುತ್ತದೆ. ಭಾನುವಾರದ ತಿಂಡಿಗೂ ಬೇಲೂರು ದೇವಸ್ಥಾನಕ್ಕೂ ನಡುವೆ ಮೂರು ಗಂಟೆ ಖಾಲಿ ಇರುತ್ತದೆ. ಆ ಮೂರು ಗಂಟೆಯಲ್ಲಿ ನಮ್ಮ ಊರು ಉದ್ಧಾರ ಆಗಬೇಕು.

ಕೇಳುವವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳೋಕೆ ಮನಸ್ಸು ಬರದೇ ಇರಬಹುದು.

ನನ್ನನ್ನೇ ಯಾಕೆ ಕೇಳುತ್ತಾರೆ ಅಂದರೆ, ಊರಿನ ಸುದ್ದಿ ನನ್ನ ಕೈಲಿದೆ. ಬೇಲೂರು ತಾಲ್ಲೂಕು, ಬಿಕ್ಕೋಡು ಕಡೆಯ ಸಣ್ಣ ಊರು ನಮ್ಮದು. ಹಾಲಿನ ಡೈರಿ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಇದೆ. ಎಡಗಡೆ ಹಾಲಿನ ರೇಟು, ಬಲಗಡೆ ಊರಿನ ಸುದ್ದಿ. ಬಲಗಡೆಯದು ನನ್ನದು. ಅದನ್ನೇ ವಾಟ್ಸಾಪ್ ಗುಂಪಿಗೂ ಹಾಕುತ್ತೇನೆ. ಊರು ಬಿಟ್ಟು ಬೆಂಗಳೂರು ಸೇರಿದವರು ಆ ಗುಂಪಿನಲ್ಲಿದ್ದಾರೆ. ಅವರ ಆಫೀಸಿನ ಸ್ನೇಹಿತರು, ಒಮ್ಮೆ ಹೋಂಸ್ಟೇಗೆ ಬಂದು ಹೋದವರು ಕೂಡ ಹೇಗೋ ಸೇರಿಕೊಂಡಿದ್ದಾರೆ.

ವಾಟ್ಸಾಪ್ ಇರುವಾಗ ಸೀಮೆಸುಣ್ಣ ಯಾಕೆ ಎಂದು ಕೇಳುವವರೂ ಇದ್ದಾರೆ. ಜೋರು ಮಳೆ ಬಂದರೆ ಕರೆಂಟು ಹೋಗುತ್ತದೆ, ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಗುತ್ತದೆ. ಹಾಲು ಹಾಕೋಕೆ ಮಾತ್ರ ಎಂಥ ಮಳೆಯಲ್ಲೂ ಜನ ಬಂದೇ ಬರುತ್ತಾರೆ. ಇನ್ನೊಂದು ಅನುಕೂಲ, ಹಲಗೆಯ ಮೇಲಿನ ಸುದ್ದಿ ಫಾರ್ವರ್ಡ್ ಆಗುವುದಿಲ್ಲ. ಯಾವುದೋ ರಾಜ್ಯದ ಆನೆ ವಿಡಿಯೋ ನಮ್ಮೂರ ಕೆರೆ ಏರಿದು ಅಂತ ಓಡಾಡಿ, ಅರ್ಧ ಊರು ಮಕ್ಕಳನ್ನು ಶಾಲೆಗೆ ಕಳಿಸದೇ ಇದ್ದ ದಿನವೂ ಇದೆ.

ಸುದ್ದಿ ಅಂದರೆ ದೊಡ್ಡದೇನಲ್ಲ. ಕಾಲುಬಾಯಿ ಜ್ವರದ ಲಸಿಕೆಗೆ ನಾಳೆ ಬರುತ್ತಾರೆ, ದನ ಬಿಡಬೇಡಿ. ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಕೊಡದವರು ಇನ್ನೂ ಇದ್ದೀರಿ, ಬನ್ನಿ. ಕೆಳಗಿನ ಮನೆ ಅಜ್ಜಿ ತೀರಿಕೊಂಡರು, ಮಧ್ಯಾಹ್ನ ಮಣ್ಣು. ಇವತ್ತು ಶಾಲೆಗೆ ರಜಾ ಇಲ್ಲ, ಸುಮ್ನೆ ಕೇಳಬೇಡಿ.

ಇದೆಲ್ಲದಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ, ಆನೆ. ಯಾವ ತೋಟದಲ್ಲಿದೆ, ಎಷ್ಟಿವೆ, ಮರಿ ಇದೆಯಾ, ಯಾವ ಕಡೆ ಮುಖ ಮಾಡಿವೆ. ಕಾಫಿ ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಅದನ್ನು ಓದಿಯೇ ಮುಂದೆ ಹೆಜ್ಜೆ ಇಡುತ್ತಾರೆ. 2014ರಲ್ಲಿ ಆಲೂರು, ಸಕಲೇಶಪುರ ಕಡೆ 22 ಆನೆಗಳನ್ನು ಹಿಡಿದು ಸಾಗಿಸಿದರು. ಇನ್ನು ಮುಗಿಯಿತು ಅಂದುಕೊಂಡೆವು. ಮುಗಿಯಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಸತ್ತ. ಅವತ್ತು ಹಲಗೆಯ ಮೇಲೆ ನಾನು ಅದೊಂದು ಸಾಲು ಬಿಟ್ಟು ಬೇರೇನೂ ಬರೆಯಲಿಲ್ಲ. ಈಗ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ರಾತ್ರಿ ಹಗಲು ಹಿಂಡಿನ ಹಿಂದೆ ತಿರುಗಿ ಮೆಸೇಜು ಕಳಿಸುತ್ತಾರೆ. ಅದು ಬಂದ ಮೇಲೆ ನನ್ನ ಕೆಲಸ ಹಗುರಾಗಿದೆ. ಆದರೆ ಮೆಸೇಜು ನೋಡದವರ ಮನೆ ಬಾಗಿಲು ತಟ್ಟಿ ಹೇಳೋದು ಈಗಲೂ ಯಾರಾದರೊಬ್ಬರ ಕೆಲಸವೇ.

ಇದೆಲ್ಲ ಬರೆದಿದ್ದು ಯಾಕೆಂದರೆ, ಬಂದ ತಂಡವೊಂದು ನಮ್ಮ ಶಾಲೆಯ ಗೋಡೆಗೆ ಆನೆ ಬಿಡಿಸಿತು.

ಯಾವ ಕಂಪನಿ ಅಂತ ಹೇಳುವುದಿಲ್ಲ. ಎಲ್ಲರೂ ಒಂದೇ ಬಣ್ಣದ ಟೀ ಶರ್ಟ್ ಹಾಕಿದ್ದರು. ಶಾಲೆಯ ಬೋರ್ಡಿಗಿಂತ ಉದ್ದದ ಬ್ಯಾನರ್ ತಂದಿದ್ದರು. ಬರುವ ಮೊದಲು ಫೋನು ಬಂದಾಗ ನಮ್ಮ ಮೇಷ್ಟ್ರು ನನ್ನ ಹತ್ತಿರ ಹೇಳಿ ಕಳಿಸಿದ್ದರು. ಎರಡನೇ ಕ್ಲಾಸಿನ ಮೇಲೆ ಕೋತಿ ಹಾರಿ ಹಾರಿ ಹೆಂಚು ಒಡೆದಿವೆ, ಗೋಡೆ ಹಂಗೇ ಇರಲಿ, ಹೆಂಚು ಹಾಕಿಸಿಕೊಡ್ತಾರಾ ಕೇಳಿ ಅಂತ. ಕೇಳಿದೆ. ಆ ಕಡೆಯಿಂದ ಉತ್ತರ ಬಂತು: "ರೂಫ್ ನಮ್ಮ ಸ್ಕೋಪಲ್ಲಿ ಬರಲ್ಲ ಸಾರ್. ಪೇಂಟಿಂಗ್ ಮಾತ್ರ."

ಸರಿ, ಪೇಂಟಿಂಗ್. ಜುಲೈ ತಿಂಗಳು. ಗೋಡೆ ಮುಟ್ಟಿದರೆ ಕೈ ಒದ್ದೆ. ನಮ್ಮ ಪೇಂಟರ್ ಹುಡುಗ ಅಲ್ಲೇ ನಿಂತಿದ್ದ. "ಈ ಹಸಿ ಗೋಡೆಗೆ ಬಣ್ಣ ನಿಲ್ಲಲ್ಲ ಅಣ್ಣಾ" ಅಂದ. ಅವನ ಮಾತು ಯಾರಿಗೂ ಬೇಕಿರಲಿಲ್ಲ. ಬಣ್ಣ ಬಳಿಯೋದು ಅವನ ಹೊಟ್ಟೆಪಾಡು, ಅವರಿಗೆ ಅದೇ ಸೇವೆ. ಜಿರಾಫೆ, ಪೆಂಗ್ವಿನ್, ಕಾಮನಬಿಲ್ಲು ಎಲ್ಲ ಬಂತು. ಕೊನೆಗೆ ಆನೆ. ಒಬ್ಬ ಹುಡುಗಿ ಪ್ರೀತಿಯಿಂದಲೇ ಮಕ್ಕಳನ್ನು ಕೂರಿಸಿಕೊಂಡು "ಇದು ಏನು ಹೇಳಿ?" ಅಂದಳು. ಮೂರನೇ ಕ್ಲಾಸಿನವನೊಬ್ಬ ಸ್ವಲ್ಪ ಹೊತ್ತು ತಲೆ ಓರೆ ಮಾಡಿ ನೋಡಿದ. "ಭೀಮ ಅಲ್ಲ" ಅಂದ. "ಭೀಮನ ಹಣೆ ಇಷ್ಟು ಸಣ್ಣ ಇಲ್ಲ." ಪಕ್ಕದವಳು "ಬೀಟಮ್ಮನ ಗುಂಪಿನದು ಇರಬೇಕು" ಅಂದಳು. ಆ ಹುಡುಗಿಗೆ ಏನೂ ಅರ್ಥ ಆಗಲಿಲ್ಲ. ನಮ್ಮ ಕಡೆ ಕಾಡಾನೆಗಳಿಗೆ ಹೆಸರಿದೆ, ಮಕ್ಕಳು ಅವನ್ನು ಹೆಸರಿಟ್ಟು ಗುರುತು ಹಿಡಿಯುತ್ತಾರೆ ಅಂತ ಯಾರಾದರೂ ಅವಳಿಗೆ ಹೇಳಬೇಕಿತ್ತು. ನಾನು ಹೇಳಲಿಲ್ಲ, ಮಜಾ ನೋಡುತ್ತಾ ನಿಂತಿದ್ದೆ.

ಅವತ್ತು ಭಾನುವಾರ. ಬಿಸಿಯೂಟದ ಅಕ್ಕನಿಗೆ ರಜಾ. ಆದರೂ ಬಂದವರಿಗೆ ಊಟ ಆಗಬೇಕಲ್ವಾ, ಅಕ್ಕನೇ ಬಂದು ಅಷ್ಟೂ ಜನಕ್ಕೆ ಅಕ್ಕಿರೊಟ್ಟಿ ತಟ್ಟಿದರು. ಮೂರು ಗಂಟೆಗೆ ಮಕ್ಕಳ ಕೈಗೆ ಖಾಲಿ ಬ್ರಶ್ ಕೊಟ್ಟು ಫೋಟೋ ತೆಗೆದರು. ಅಕ್ಕ ಆಗ ಹಿಂದುಗಡೆ ಬೋಗುಣಿ ತೊಳೆಯುತ್ತಿದ್ದರು, ಫೋಟೋದಲ್ಲಿ ಇಲ್ಲ.

ದೀಪಾವಳಿ ಹೊತ್ತಿಗೆ ಆನೆಗೆ ಹಸಿರು ಪಾಚಿ ಹಿಡಿಯಿತು. ಹೆಂಚನ್ನು ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಮನೆಮನೆಗೆ ತಿರುಗಿ ದುಡ್ಡು ಎತ್ತಿ ಹಾಕಿಸಿದರು.

ನಮ್ಮೂರವರೇ ನನ್ನನ್ನು ಬೈಯುತ್ತಾರೆ. "ಪುಕ್ಕಟೆ ಬಣ್ಣ ಬಂತು, ನಿಂದೇನು ಕೊಂಕು?" ಅಂತ. ಪುಕ್ಕಟೆ ಎಲ್ಲಿ ಬಂತು? ಮೇಷ್ಟ್ರ ಭಾನುವಾರ ಹೋಯಿತು, ಅಕ್ಕನ ಭಾನುವಾರ ಹೋಯಿತು, ಪೇಂಟರ್ ಹುಡುಗನ ಎರಡು ದಿನದ ಕೂಲಿ ಹೋಯಿತು. ಲೆಕ್ಕ ಹಾಕಿದರೆ ಊರೇ ಅವರಿಗೆ ಸೇವೆ ಮಾಡಿದ ಹಾಗಾಯಿತು. ನನಗೆ ಹೊಟ್ಟೆಕಿಚ್ಚು ಅನ್ನುವವರೂ ಇದ್ದಾರೆ. ಇರಲಿ.

ಗಿಡ ನೆಡೋಕೆ ಬರುತ್ತೇವೆ ಅನ್ನುವವರಿಗೆ ನನ್ನ ಉತ್ತರ ಚಿಕ್ಕದು. ಇಲ್ಲಿ ಬೇಡ ಅಂದರೂ ಗಿಡ ಬೆಳೆಯುತ್ತದೆ. ಕೈಲಾದರೆ ಬಂದು ಲಂಟಾನ ಕಳೆ ಕೀಳಿ. ಇಲ್ಲಿಯವರೆಗೆ ಒಬ್ಬರೂ ಬಂದಿಲ್ಲ, ಲಂಟಾನ ಕೀಳುವ ಫೋಟೋ ಚೆನ್ನಾಗಿ ಬರಲ್ಲ ಅಂತ ಕಾಣುತ್ತದೆ.

ಪುಸ್ತಕ ಕೊಡುತ್ತೇವೆ ಅನ್ನುವವರಿಗೆ ಸ್ವಲ್ಪ ಉದ್ದ. ಪಂಚಾಯಿತಿಯ ಲೈಬ್ರರಿ ನಮ್ಮಲ್ಲಿ ಚೆನ್ನಾಗಿದೆ. 2019ರಲ್ಲಿ ಇವು ಪಂಚಾಯತ್ ರಾಜ್ ಇಲಾಖೆಗೆ ಬಂದವು, 2020ರಲ್ಲಿ ‘ಓದುವ ಬೆಳಕು’ ಅಂತ ಶುರುಮಾಡಿ ಮಕ್ಕಳನ್ನೆಲ್ಲ ಪುಕ್ಕಟೆ ಸೇರಿಸಿಕೊಂಡರು. ‘ಪುಸ್ತಕ ಜೋಳಿಗೆ’ ಅಂತ ಜನರಿಂದ ಪುಸ್ತಕವನ್ನೂ ಕೇಳಿದರು. ಜೋಳಿಗೆಗೆ ಏನೇನು ಬಂತು ನೋಡಿ: ಹಳೇ ಇನ್‌ಕಮ್ ಟ್ಯಾಕ್ಸ್ ಗೈಡು, ಅರ್ಧ ತುಂಬಿಸಿದ ಎಂಟ್ರೆನ್ಸ್ ಪರೀಕ್ಷೆಯ ಪುಸ್ತಕ, ಕೋಟ್ಯಧಿಪತಿ ಆಗುವುದು ಹೇಗೆ ಅನ್ನುವ ಇಂಗ್ಲಿಷ್ ಪುಸ್ತಕದ ಮೂರು ಪ್ರತಿ. ಮನೆ ಖಾಲಿ ಮಾಡೋದಕ್ಕೆ ದಾನ ಅಂತ ಹೆಸರಿಡಬೇಡಿ. ಲೈಬ್ರರಿ ಮೇಡಂ ಹತ್ತಿರ ಮಕ್ಕಳು ಕೇಳಿದ ಪುಸ್ತಕಗಳ ಪಟ್ಟಿ ಇದೆ. ಅದನ್ನು ಕೇಳಿ ತರಿಸಿಕೊಂಡವರು ಇದ್ದಾರೆ, ತುಂಬ ಕಮ್ಮಿ.

ನನಗೆ ಸಿಟ್ಟು ಬರೋದು ಆ ‘ಏನಾದ್ರೂ’ಗೆ. ಏನಾದ್ರೂ ಅಂದರೆ ಏನು ಮಾಡಿದರೂ ಸರಿ, ಇಲ್ಲಿ ಏನೂ ನಡೀತಾ ಇಲ್ಲ ಅನ್ನುವ ಲೆಕ್ಕ. ಇಲ್ಲಿ ಎಲ್ಲವೂ ನಡೀತಾ ಇದೆ ಸ್ವಾಮಿ. ಹಿಂದೆ ನಾಟಿ ಕಾಲಕ್ಕೆ ಮುಯ್ಯಾಳು ಅಂತ ಇತ್ತು. ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ. ಗದ್ದೆ ಕಮ್ಮಿಯಾಗಿ ಅದು ಈಗ ಅಷ್ಟಾಗಿ ಇಲ್ಲ. ಆದರೂ ಸುಗ್ಗಿ ಹಬ್ಬದ ಮೊದಲು ಮನೆಗೊಂದಾಳು ಬಂದು ದೇವರ ದಾರಿ ಸವರುತ್ತಾರೆ, ಬರದ ಮನೆ ಹೆಸರು ವರ್ಷವೆಲ್ಲ ಮಾತಿಗೆ ಸಿಗುತ್ತದೆ. ನೀವು ಬಂದು ನಮ್ಮ ಗೋಡೆಗೆ ಬಣ್ಣ ಬಳಿದರೆ, ಮುಯ್ಯಿಗೆ ನಾವು ನಿಮ್ಮ ಅಪಾರ್ಟ್‌ಮೆಂಟಿಗೆ ಬಂದು ಏನು ಮಾಡಬೇಕು? ಸೆಕ್ಯೂರಿಟಿಯವರು ಒಳಗೆ ಬಿಡುತ್ತಾರಾ?

ಇನ್ನು ನಮ್ಮ ಆಶಾ ಕಾರ್ಯಕರ್ತೆ. 2005ರಲ್ಲಿ ಶುರುವಾದ ಯೋಜನೆ ಅದು. ಬಸುರಿ ಬಾಣಂತಿಯರ ಲೆಕ್ಕ, ಲಸಿಕೆ, ಜ್ವರದ ಸರ್ವೆ ಎಲ್ಲ ಅವರ ತಲೆ ಮೇಲೆ. ಇಷ್ಟಾದರೂ ಸರ್ಕಾರದ ಕಣ್ಣಿಗೆ ಅವರು ನೌಕರರಲ್ಲ, ಸ್ವಯಂಸೇವಕಿಯರು. ತಿಂಗಳಿಗೆ ಹದಿನೈದು ಸಾವಿರ ಖಾತ್ರಿ ಕೊಡಿ ಎಂದು 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ಸ್ವಯಂಸೇವೆ ಬಗ್ಗೆ ನಿಮಗೆ ಅಷ್ಟು ಆಸಕ್ತಿ ಇದ್ದರೆ ಅವತ್ತು ಅಲ್ಲಿಗೆ ಹೋಗಿ ಒಂದು ಫ್ಲಾಸ್ಕ್ ಕಾಫಿ ಕೊಡಬಹುದಿತ್ತು. ಕಾರು ತೆಗೆದುಕೊಂಡು ಬೇಲೂರಿನವರೆಗೆ ಬರಬೇಕಿರಲಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ‘ನೀವು ಊರಲ್ಲಿಲ್ಲದ ದಿನ ಈ ಕೆಲಸ ಯಾರು ಮಾಡುತ್ತಾರೆ?’ ಇದನ್ನು ಯಾರೂ ಕೇಳಿಲ್ಲ.

ಉತ್ತರ: ಯಾರೂ ಮಾಡಲ್ಲ. ಮಗಳ ಮನೆಗೆ ಹೋದರೆ ಹಲಗೆ ಖಾಲಿ. ಲೈಬ್ರರಿ ಮೇಡಂಗೆ ಮೀಟಿಂಗ್ ಇದ್ದರೆ ಸಂಜೆ ಲೈಬ್ರರಿಗೆ ಬೀಗ, ಮಕ್ಕಳು ಬಾಗಿಲ ಮುಂದೆ ಕೂತು ಎದ್ದು ಹೋಗುತ್ತಾರೆ. ಗೃಹಲಕ್ಷ್ಮಿ ದುಡ್ಡು ನಿಂತುಹೋದ ಅಜ್ಜಿಯ ಕಾಗದ ಹಿಡಿದು ಬೇಲೂರಿಗೆ ಹೋಗಿ ಬರುವ ಹುಡುಗ ಕಾಫಿ ಕುಯ್ಲು ಶುರುವಾದರೆ ಸಿಗಲ್ಲ. ಊರು ನಡೆಯುತ್ತಿರುವುದು ರಜಾ ಹಾಕೋಕೆ ಆಗದ ನಾಲ್ಕಾರು ಜನರಿಂದ. ಅವರಿಗೆ ಹೊಸ ಯೋಜನೆ ಬೇಡ, ಬದಲಿ ಆಳು ಬೇಕು. ಬದಲಿಗೆ ನಿಲ್ಲಬೇಕು ಅಂದರೆ ಮೊದಲು ಕೆಲಸ ಕಲಿಯಬೇಕು, ಜನ ಗುರುತಿರಬೇಕು, ಇವತ್ತು ಬರುತ್ತೇನೆ ಅಂದರೆ ಬರಬೇಕು. ಅದು ಮೂರು ಗಂಟೆಯಲ್ಲಿ ಆಗಲ್ಲ, ಮಳೆಗಾಲದಲ್ಲೂ ಬರಬೇಕಾಗುತ್ತದೆ. ಇಷ್ಟು ಹೇಳಿದ ಮೇಲೆ ಹೆಚ್ಚಿನವರು "ಖಂಡಿತ ಅಣ್ಣಾ, ಮತ್ತೆ ಫೋನ್ ಮಾಡ್ತೀವಿ" ಅನ್ನುತ್ತಾರೆ.

ಊರಲ್ಲಿ ವೋಟು ಇಟ್ಟುಕೊಂಡು ಬೆಂಗಳೂರಲ್ಲಿ ಇರುವ ನಮ್ಮವರಿಗೆ ಒಂದು ಮಾತು. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಯಬೇಕು. ದಿನಾಂಕವನ್ನು ಹಲಗೆಯಲ್ಲೂ ಗುಂಪಿನಲ್ಲೂ ಹಾಕುತ್ತೇನೆ. ಜಾತ್ರೆಗೆ ರಜಾ ಸಿಗುತ್ತದೆ, ಇದಕ್ಕೆ ಸಿಗಲ್ಲ. ಯಾರಿಗೆ ಮನೆ, ಯಾವ ರಸ್ತೆ, ಯಾವ ಚರಂಡಿ ಎಲ್ಲ ಮಾತಾಡೋದು ಅಲ್ಲೇ. ಶಾಲೆಯ ಹೆಂಚಿನ ವಿಷಯ ಕೂಡ ಅಲ್ಲೇ ಎತ್ತಬೇಕಿತ್ತು, ಎತ್ತುವ ಬಾಯಿಗಳು ಕಮ್ಮಿ. ಗುಂಪಿನಲ್ಲಿ ಮಾತ್ರ ಹೆಬ್ಬೆರಳಿನ ಗುರುತು ಬೇಕಾದಷ್ಟು ಬೀಳುತ್ತದೆ.

ಇಲ್ಲಿಗೆ ಬರೋಕೇ ಆಗದವರಿಗೆ ಒಂದು ಕೆಲಸ ಇದೆ. ಇದನ್ನು ಹೇಳಿದಾಗ ಜನ ನಿರಾಸೆಯಿಂದ ನೋಡುತ್ತಾರೆ, ಯಾಕೆಂದರೆ ಇದರಲ್ಲಿ ಕಾಫಿ ತೋಟ ಇಲ್ಲ. ನಮ್ಮೂರಿನವರಿಗೆ ದೊಡ್ಡ ಕಾಯಿಲೆ ಬಂದರೆ ಹಾಸನ ದಾಟಿ ಬೆಂಗಳೂರಿಗೇ ಹೋಗಬೇಕು. ಜಯದೇವ, ಕಿದ್ವಾಯಿ, ನಿಮ್ಹಾನ್ಸ್. ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ಯಾವ ಬಸ್ಸು, ಯಾವ ಕೌಂಟರು, ಚೀಟಿ ಎಲ್ಲಿ ಮಾಡಿಸೋದು, ಸ್ಕ್ಯಾನ್ ಎಲ್ಲಿ, ರಿಪೋರ್ಟು ಯಾವಾಗ, ಗೊತ್ತಿಲ್ಲ. ಜೊತೆಗೆ ಬಂದವರಿಗೂ ಗೊತ್ತಿಲ್ಲ. ಕೇಳೋಕೆ ನಾಚಿಕೆ, ಕೇಳಿದರೆ ಉತ್ತರ ಹೇಳುವವರಿಗೆ ಅರ್ಜೆಂಟು. ಅವರ ಪಕ್ಕದಲ್ಲಿ ಒಂದು ದಿನ ನಿಂತುಕೊಳ್ಳಿ. ನಿಮ್ಮ ಮನೆಯಿಂದ ಮೆಟ್ರೋದಲ್ಲೋ ಆಟೋದಲ್ಲೋ ಹೋಗಿಬರುವ ದೂರ.

ಇದನ್ನು ಮಾಡುವ ಒಬ್ಬ ಹುಡುಗ ಇದ್ದಾನೆ. ನಮ್ಮೂರಿನವನಲ್ಲ, ಬಿಜಾಪುರ ಕಡೆಯವನು. ಹೋಂಸ್ಟೇಗೆ ಬಂದವನು ಎಲ್ಲರ ಹಾಗೆ ಅದೇ ಪ್ರಶ್ನೆ ಕೇಳಿದ, ನಾನು ಎಲ್ಲರಿಗೆ ಹೇಳುವ ಹಾಗೆ ಒರಟಾಗಿ ಇದನ್ನೇ ಹೇಳಿದೆ. ಅವನು ಡೈರಿ ತೆಗೆದು "ಯಾವ ತಾರೀಖು ರೀ?" ಅಂದ. ಮೇಲಿನ ಬೀದಿಯ ಗೌಡರು ಅವನ ಭಾಷೆ ಅರ್ಧ ಅರ್ಥ ಆಗಲ್ಲ ಅನ್ನುತ್ತಾರೆ. ಆದರೆ ಅವನು ಬರದಿದ್ದರೆ ಆಸ್ಪತ್ರೆಗೆ ಹೋಗಲ್ಲ ಅಂತ ಹಟ ಮಾಡುತ್ತಾರೆ.

ಅವನಿಗೆ ಈಗ ಆಫೀಸಿನಲ್ಲಿ ರಜಾ ಇಲ್ಲ. ಮುಂದಿನ ಸೋಮವಾರ ಒಬ್ಬರು ಅಮ್ಮ ಕಿದ್ವಾಯಿಗೆ ಬರುತ್ತಾರೆ, ಜೊತೆಗೆ ಅವರ ತಂಗಿ. ಇಬ್ಬರಿಗೂ ಕನ್ನಡ ಬಿಟ್ಟು ಬೇರೆ ಬರಲ್ಲ, ಲಿಫ್ಟ್ ಅಂದರೆ ಹೆದರಿಕೆ. ಬೆಳಿಗ್ಗೆ ಐದೂವರೆಗೆ ಮೆಜೆಸ್ಟಿಕ್‌ನಲ್ಲಿ ನಿಲ್ಲಬಲ್ಲವರು ನನಗೆ ಮೆಸೇಜು ಮಾಡಿ. ಆಗಲ್ಲ ಅಂತಿದ್ದರೆ ಶುಕ್ರವಾರದ ಒಳಗೇ ಹೇಳಿ, ಬಸ್ಸು ಹತ್ತಿದ ಮೇಲೆ ಹೇಳಬೇಡಿ.